ಮೂರನೇ ಸಾಲಿನಲ್ಲಿ ಕೂರುವವರು ಯಾರು?

ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದ ಮೇಲೆ ನಮ್ಮ ದೊಡ್ಡ ಕುಟುಂಬಗಳ ಓಡಾಟದ ರೀತಿಯೇ ಬದಲಾಯಿತು. ಮದುವೆ, ಗೃಹಪ್ರವೇಶ, ಧರ್ಮಸ್ಥಳ, ತಿರುಪತಿ ಎಲ್ಲಕ್ಕೂ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೊರಡುವಂತಾಯಿತು. 2012ರಲ್ಲಿ ಎರ್ಟಿಗಾ ಬಂದು ಹೆಚ್ಚುಕಡಿಮೆ ಅದೇ ಅನುಕೂಲವನ್ನು ಇನ್ನೂ ಕಡಿಮೆ ದುಡ್ಡಿಗೆ ಒದಗಿಸಿತು. ಆಗ ಕೊಂಡ ಗಾಡಿಗಳು ಈಗ ಸವೆದಿವೆ. ಬದಲಿಗೆ ಯಾವುದನ್ನು ತರೋಣ ಎಂಬ ಮಾತು ಬಂದಾಗ, ‘ಮತ್ತೆ ಅದೇ ವ್ಯಾನ್ ಯಾಕೆ, ಈ ಸಲ ಮೂರು ಸಾಲಿನ ಎಸ್‌ಯುವಿ ತಗೊಳ್ಳೋಣ’ ಎನ್ನುವವರೇ ಮನೆಯಲ್ಲಿ ಜಾಸ್ತಿ.

ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಇನ್ನೋವಾ, ಎರ್ಟಿಗಾ ಎಂದರೆ ಹಳದಿ ಬೋರ್ಡಿನ ಟ್ಯಾಕ್ಸಿಯೇ ಕಣ್ಣಮುಂದೆ ಬರುತ್ತದೆ, ಸ್ವಂತದ ಗಾಡಿ ಬೇರೆ ಥರ ಕಾಣಲಿ ಅಂತ ಬಯಸುವುದು ಸಹಜ. ಎತ್ತರದಲ್ಲಿ ಕೂತರೆ ರಸ್ತೆ ದೂರದವರೆಗೆ ಕಾಣುತ್ತದೆ, ಉಬ್ಬು ತಗ್ಗಿಗೆ ತಳ ತಾಗುವ ಭಯ ಕಡಿಮೆ. ಇವೆಲ್ಲ ನಿಜವಾದ ಕಾರಣಗಳೇ. ನನ್ನ ತಕರಾರು ಇರುವುದು ಕಾರನ್ನು ಆರಿಸುವ ಕ್ರಮದ ಬಗ್ಗೆ. ಷೋರೂಮಿನಲ್ಲಿ ನಾವು ಮುಂದಿನ ಸೀಟಿನಲ್ಲಿ ಕೂತು, ದೊಡ್ಡ ಪರದೆ ನೋಡಿ, ಸನ್‌ರೂಫ್ ತೆಗೆದು ಮುಚ್ಚಿ ತೀರ್ಮಾನಕ್ಕೆ ಬಂದುಬಿಡುತ್ತೇವೆ. ಮೂರನೇ ಸಾಲಿನಲ್ಲಿ ಕೂರಬೇಕಾದವರು ಆ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ. ಏಳು ಸೀಟಿನ ಗಾಡಿ ಬೇಕಾಗಿರುವುದೇ ಅವರಿಗಾಗಿ.

ಎರಡು ಬಗೆಯ ಗಾಡಿಗಳ ಕಟ್ಟೋಣ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಮೊದಲು ನೋಡೋಣ. ವ್ಯಾನ್ ಮಾದರಿಯ ಗಾಡಿಯನ್ನು ರೂಪಿಸುವವರು ಒಳಗೆ ಕೂರುವವರ ಲೆಕ್ಕ ಹಾಕಿ ಆಮೇಲೆ ಹೊರಮೈ ಬರೆಯುತ್ತಾರೆ. ಅದಕ್ಕೇ ಅದರ ಛಾವಣಿ ಹಿಂದಿನ ತನಕ ಹೆಚ್ಚು ಇಳಿಯದೆ ಸಾಗುತ್ತದೆ, ಕಿಟಕಿಗಳು ದೊಡ್ಡವು, ಮೂತಿ ಗಿಡ್ಡ. ಎಸ್‌ಯುವಿಯಲ್ಲಿ ಹೊರನೋಟಕ್ಕೆ ಹೆಚ್ಚು ತೂಕ. ಉದ್ದದ ಬಾನೆಟ್ಟು, ದೊಡ್ಡ ಚಕ್ರ, ಹಿಂದಕ್ಕೆ ಹೋದಂತೆ ಇಳಿಯುವ ಛಾವಣಿ, ಮೇಲೇರುವ ಕಿಟಕಿಯ ಅಂಚು. ಇವುಗಳಿಗೆಲ್ಲ ಬೇಕಾದ ಜಾಗ ಕಡೆಯ ಸಾಲಿನಿಂದಲೇ ಹೋಗುತ್ತದೆ.

ಅಂಕಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇನ್ನೋವಾ ಹೈಕ್ರಾಸ್ ಉದ್ದ 4755 ಮಿ.ಮೀ., ಮಹೀಂದ್ರ ಎಕ್ಸ್‌ಯುವಿ700ರ ಉದ್ದ 4695, ಟಾಟಾ ಸಫಾರಿಯದು 4668. ಪಾರ್ಕಿಂಗಿನಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಜಾಗ ಹಿಡಿಯುತ್ತವೆ. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಹೈಕ್ರಾಸ್‌ನಲ್ಲಿ 2850 ಮಿ.ಮೀ. ಇದ್ದರೆ ಎಕ್ಸ್‌ಯುವಿ700ರಲ್ಲಿ 2750, ಸಫಾರಿಯಲ್ಲಿ 2741. ಜನ ಕೂರುವುದು ಬಹುಪಾಲು ಈ ಚಕ್ರಗಳ ನಡುವೆಯೇ. ನಾಲ್ಕು ಇಂಚಿನ ಈ ವ್ಯತ್ಯಾಸವನ್ನು ಓಡಿಸುವವರು ಗಮನಿಸದೇ ಇರಬಹುದು, ಕಡೆಯ ಸಾಲಿನಲ್ಲಿ ಕೂತವರ ಮೊಣಕಾಲಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಕೆಲವು ಎಸ್‌ಯುವಿಗಳ ಮೂರನೇ ಸಾಲಿನಲ್ಲಿ ನೆಲ ಎತ್ತರ, ಸೀಟು ತಗ್ಗು. ಹೀಗಾಗಿ ತೊಡೆಗೆ ಆಸರೆ ಸಿಗದೆ ಮೊಣಕಾಲು ಎದೆಯ ಕಡೆಗೆ ಏರುತ್ತದೆ. ಸ್ಕಾರ್ಪಿಯೊ-ಎನ್, ಫಾರ್ಚೂನರ್‌ನಂಥ ಗಾಡಿಗಳಲ್ಲಿ ಉಕ್ಕಿನ ಏಣಿಯಂಥ ಚಾಸಿ ಕೆಳಗಿರುವುದರಿಂದ ನೆಲ ಇನ್ನಷ್ಟು ಮೇಲಿರುತ್ತದೆ. ಇನ್ನೋವಾ ಕ್ರಿಸ್ಟಾ ಕೂಡ ಅಂಥ ಚಾಸಿಯ ಮೇಲೇ ಕಟ್ಟಿದ ಗಾಡಿ ಎಂಬುದನ್ನೂ ಹೇಳಬೇಕು. ಆದ್ದರಿಂದ ಹೆಸರು ನೋಡಿ ನಿರ್ಧರಿಸುವುದಕ್ಕಿಂತ ಕೂತು ನೋಡುವುದೇ ಸರಿಯಾದ ದಾರಿ. ಕೂರುವುದಕ್ಕೂ ಒಂದು ಕ್ರಮ ಇದೆ. ಮನೆಯಲ್ಲಿ ದಿನಾ ಓಡಿಸುವವರು ಮೊದಲು ತಮ್ಮ ಸೀಟನ್ನು ಹೊಂದಿಸಿಕೊಳ್ಳಲಿ. ಅವರ ಹಿಂದೆ ಎರಡನೇ ಸಾಲಿನವರು ಹಾಯಾಗಿ ಕೂರಲಿ. ಕಡೆಗೆ ಮೂರನೆಯವರು ಹತ್ತಲಿ. ಷೋರೂಮಿನವರು ಎರಡನೇ ಸಾಲನ್ನು ಪೂರ್ತಿ ಮುಂದಕ್ಕೆ ತಳ್ಳಿ ‘ನೋಡಿ ಸಾರ್, ಎಷ್ಟು ಜಾಗ’ ಎಂದು ತೋರಿಸುವುದುಂಟು. ಎರಡನೇ ಸಾಲು ಹಿಂದೆಮುಂದೆ ಸರಿಯುತ್ತದೆಯೇ ಇಲ್ಲವೇ ಎಂಬುದನ್ನು ಕೇಳಿಯೇ ತಿಳಿಯಬೇಕು, ಕೆಲವು ಗಾಡಿಗಳಲ್ಲಿ ಅದು ಕದಲುವುದೇ ಇಲ್ಲ.

ಹತ್ತುವ ಇಳಿಯುವ ಕಷ್ಟವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಂಡಿ ನೋವಿರುವ, ಸೀರೆ ಉಟ್ಟ ಅಜ್ಜಿ ಎತ್ತರದ ಎಸ್‌ಯುವಿ ಹತ್ತುವುದನ್ನು ಒಮ್ಮೆ ನಿಂತು ನೋಡಿ. ಒಂದು ಕೈಯಲ್ಲಿ ನೆರಿಗೆ ಹಿಡಿದಿರುತ್ತಾರೆ. ಇನ್ನೊಂದು ಕೈ ಮೇಲಿನ ಹಿಡಿಗಾಗಿ ತಡಕಾಡುತ್ತದೆ. ಕಾಲು ಎತ್ತಿ ಇಟ್ಟ ಮೇಲೆ ಮೈಭಾರವನ್ನು ಒಳಕ್ಕೆ ಎಳೆದುಕೊಳ್ಳುವ ಗಳಿಗೆಯಲ್ಲಿ ಯಾರಾದರೂ ಹಿಂದಿನಿಂದ ಆಸರೆ ಕೊಡಲೇಬೇಕು. ಹೀಗಾಗಿ ಅಜ್ಜಿಗೆ ಎರಡನೇ ಸಾಲು, ಉಳಿದವರು ಹಿಂದಕ್ಕೆ ಎಂದು ತಾನೇತಾನಾಗಿ ತೀರ್ಮಾನವಾಗುತ್ತದೆ. ಹಿಂದಕ್ಕೆ ಹೋಗಬೇಕಾದರೆ ಎರಡನೇ ಸಾಲಿನ ಸೀಟು ಮಡಚಬೇಕು. ಅಲ್ಲೇ ಮಗುವಿನ ಸೀಟು ಬಿಗಿದಿದ್ದರೆ?

ಈ ಪ್ರಶ್ನೆ ಚಿಕ್ಕ ಮಕ್ಕಳಿರುವ ಮನೆಗೆ ಬಹಳ ಮುಖ್ಯ. ಮಕ್ಕಳ ಸೀಟನ್ನು ಭದ್ರವಾಗಿ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳು ನಮ್ಮಲ್ಲಿ ಸಾಮಾನ್ಯವಾಗಿ ಎರಡನೇ ಸಾಲಿನ ಎರಡು ತುದಿಗಳಲ್ಲಿ ಮಾತ್ರ ಇರುತ್ತವೆ. ಎಡಗಡೆ ಮಗುವಿನ ಸೀಟು ಕೂರಿಸಿದಿರೋ, ಆ ಕಡೆಯ ಸೀಟನ್ನು ಮಡಚುವ ಹಾಗಿಲ್ಲ, ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಬಲಗಡೆಯಿಂದ ಹತ್ತೋಣವೆಂದರೆ ಅದು ವಾಹನಗಳು ಹಾಯುವ ಕಡೆ. ಜೊತೆಗೆ ಕೆಲವು ಗಾಡಿಗಳಲ್ಲಿ ಮಡಚಿ ದಾರಿ ಬಿಡುವ ಸೌಲಭ್ಯ ಒಂದು ಬದಿಗಷ್ಟೇ ಇರುತ್ತದೆ. ಇಂಥ ಮನೆಯವರು ನಡುವೆ ದಾರಿ ಬಿಟ್ಟು ಎರಡು ಬಿಡಿ ಸೀಟು ಇಟ್ಟಿರುವ ಆರು ಸೀಟಿನ ಮಾದರಿಯನ್ನು ನೋಡುವುದು ಒಳ್ಳೆಯದು. ಒಬ್ಬರ ಜಾಗ ಕಡಿಮೆಯಾಗುತ್ತದೆ ನಿಜ, ಆದರೆ ಮಗುವಿನ ಸೀಟನ್ನು ಮುಟ್ಟದೆ ನಡುವಿನಿಂದ ನುಸುಳಿ ಹಿಂದೆ ಹೋಗಬಹುದು. ಪಕ್ಕಕ್ಕೆ ಜಾರುವ ಬಾಗಿಲಿದ್ದರೆ ಇಕ್ಕಟ್ಟಿನ ಪಾರ್ಕಿಂಗಿನಲ್ಲೂ ನಿರಾಳವಾಗಿ ಹತ್ತಿಳಿಯಬಹುದು. ಮಾರುತಿ ಓಮ್ನಿಯಲ್ಲಿ ನಮಗೆ ಅಭ್ಯಾಸವಾಗಿದ್ದ ಆ ಅನುಕೂಲ, ಮನೆಮಂದಿಯ ದೊಡ್ಡ ಗಾಡಿಗಳಲ್ಲಿ ಇಂದು ಕಿಯಾ ಕಾರ್ನಿವಲ್‌ನಂಥ ತೀರಾ ದುಬಾರಿ ಮಾದರಿಗಳಿಗೆ ಸೀಮಿತವಾಗಿರುವುದು ಬೇಸರದ ಸಂಗತಿ.

ಸಾಮಾನಿನ ಲೆಕ್ಕ ಚಿಕ್ಕದು, ಆದರೆ ಕಟ್ಟುನಿಟ್ಟು. ಮೂರೂ ಸಾಲು ಎತ್ತಿದ ಮೇಲೆ ಡಿಕ್ಕಿಯಲ್ಲಿ ಉಳಿಯುವ ಜಾಗ ಹ್ಯುಂಡೈ ಅಲ್ಕಜಾರ್‌ನಲ್ಲಿ 180 ಲೀಟರ್, ಎರ್ಟಿಗಾದಲ್ಲಿ 209, ಕಿಯಾ ಕ್ಯಾರೆನ್ಸ್‌ನಲ್ಲಿ 216, ಇನ್ನೋವಾದಲ್ಲಿ ಸುಮಾರು 300. ವಿಮಾನದೊಳಗೆ ಒಯ್ಯುವ ಚಿಕ್ಕ ಸೂಟ್‌ಕೇಸಿಗೇ ಮೂವತ್ತೈದು ನಲವತ್ತು ಲೀಟರ್ ಬೇಕು. ಏಳು ಜನ ಎರಡು ದಿನಕ್ಕೆ ಹೊರಟರೆ ಬಹುತೇಕ ಎಸ್‌ಯುವಿಗಳಲ್ಲಿ ಚೀಲಗಳು ಕಾಲಬುಡಕ್ಕೋ ಮೇಲಿನ ಕ್ಯಾರಿಯರಿಗೋ ಹೋಗುತ್ತವೆ. ಮೊದಲೇ ಎತ್ತರದ ಗಾಡಿ, ಅದರ ತಲೆಯ ಮೇಲೆ ಭಾರ ಹೇರಿದರೆ ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ವಾಲಾಟ ಹೆಚ್ಚುತ್ತದೆ. ಕಡೆಯ ಸಾಲು ಹಿಂದಿನ ಚಕ್ರದ ಮೇಲೇ ಇರುವುದರಿಂದ ಅಲ್ಲಿ ಕೂತವರಿಗೆ ಎತ್ತುಹಾಕುವುದೂ ಜಾಸ್ತಿ. ಕಿಟಕಿ ಚಿಕ್ಕದು, ಹೊರಗಿನದು ಸರಿಯಾಗಿ ಕಾಣದು. ಘಾಟಿಯಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳಲು ಇವೆಲ್ಲ ಕಾರಣ. ಹಿಂದಿನ ಸಾಲಿಗೆ ಬೇರೆ ಎ.ಸಿ. ಗಾಳಿಕಿಂಡಿ ಇದೆಯೇ, ಅದರ ವೇಗವನ್ನು ಅಲ್ಲಿಂದಲೇ ಏರಿಸಿ ಇಳಿಸಬಹುದೇ ಎಂದು ಕೈಯಿಟ್ಟು ನೋಡಿ.

ಇನ್ನು ಸುರಕ್ಷತೆ. ಎಸ್‌ಯುವಿ ಎಂದರೆ ಗಟ್ಟಿ, ವ್ಯಾನ್ ಎಂದರೆ ತಗಡು ಎಂಬ ನಂಬಿಕೆ ಬಲವಾಗಿದೆ. ಅದಕ್ಕೆ ಆಧಾರವೇ ಇಲ್ಲ ಎನ್ನಲಾಗದು. ಗಾಡಿಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ತಾರೆ ಕೊಡುವ ಭಾರತ್ ಎನ್‌ಕ್ಯಾಪ್ 2023ರ ಡಿಸೆಂಬರ್‌ನಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದಾಗ ಐದು ತಾರೆ ಪಡೆದದ್ದು ಸಫಾರಿ ಮತ್ತು ಹ್ಯಾರಿಯರ್. ಮರುವರ್ಷ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರ್ಟಿಗಾಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಒಂದೇ ತಾರೆ. 2025ರಲ್ಲಿ ಅದರ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಕೊಟ್ಟರು. ಆದರೆ ಅದೇ 2025ರಲ್ಲಿ ಇನ್ನೋವಾ ಹೈಕ್ರಾಸ್ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ತಾರೆ ಗಳಿಸಿತು. ಅಲ್ಲಿಗೆ, ಸುರಕ್ಷತೆ ಬೇಕೆಂದರೆ ಎಸ್‌ಯುವಿಯೇ ಆಗಬೇಕು ಎಂಬ ವಾದ ನಿಲ್ಲುವುದಿಲ್ಲ.

ತಾರೆಗಳ ವಿಷಯದಲ್ಲಿ ಓದುಗರು ತಿಳಿದಿರಲೇಬೇಕಾದ ಇನ್ನೊಂದು ಮಾತಿದೆ. ಈ ಪರೀಕ್ಷೆಯಲ್ಲಿ ಗಾಡಿಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂದಿನಿಂದ ಗುದ್ದಿಸುತ್ತಾರೆ, 50 ಕಿ.ಮೀ. ವೇಗದಲ್ಲಿ ಪಕ್ಕದಿಂದ ಗುದ್ದಿಸುತ್ತಾರೆ, ಕಂಬಕ್ಕೆ ಪಕ್ಕದಿಂದ ತಾಗಿಸುವ ಪರೀಕ್ಷೆಯೂ ಉಂಟು. ಒಳಗೆ ಮುಂದಿನ ಸೀಟುಗಳಲ್ಲಿ ದೊಡ್ಡವರ ಗೊಂಬೆ, ಎರಡನೇ ಸಾಲಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಗೊಂಬೆ. ಮೂರನೇ ಸಾಲಿನಲ್ಲಿ ಗೊಂಬೆಯೇ ಇರುವುದಿಲ್ಲ. ಹಿಂದಿನಿಂದ ಲಾರಿ ಬಂದು ಗುದ್ದಿದರೆ ಏನಾಗುತ್ತದೆ ಎಂಬುದನ್ನು ಆ ತಾರೆಗಳು ಹೇಳುವುದಿಲ್ಲ. ಮೂರು ಸಾಲಿನ ಬಹುತೇಕ ಗಾಡಿಗಳಲ್ಲಿ ಕಡೆಯ ಸಾಲಿನವರ ತಲೆಗೂ ಹಿಂಬಾಗಿಲ ಗಾಜಿಗೂ ನಡುವೆ ಅಂತರ ಬಹಳ ಕಡಿಮೆ. ಆದಕಾರಣ ನೀವೇ ನೋಡಬೇಕಾದದ್ದು ಇಷ್ಟು: ಪಕ್ಕದ ಪರದೆ ಏರ್‌ಬ್ಯಾಗ್ ಮೂರನೇ ಸಾಲಿನ ತನಕ ಬರುತ್ತದೆಯೇ, ಅಲ್ಲಿನ ಎರಡೂ ಸೀಟಿಗೆ ಮೂರು ಬಿಂದುವಿನ ಬೆಲ್ಟ್ ಇದೆಯೇ, ತಲೆಯಾಸರೆಯನ್ನು ದೊಡ್ಡವರ ಕಿವಿಯ ಮಟ್ಟಕ್ಕೆ ಎತ್ತಲು ಬರುತ್ತದೆಯೇ.

ಬೆಲ್ಟ್ ಇದ್ದೂ ಹಾಕಿಕೊಳ್ಳದಿದ್ದರೆ ಯಾವ ಗಾಡಿಯೂ ಕಾಪಾಡದು. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಐಷಾರಾಮಿ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ ಕೂತಿದ್ದಾಗ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂಬುದು ನಮ್ಮಲ್ಲಿ ಕಾನೂನು, ತಪ್ಪಿದರೆ ಸಾವಿರ ರೂಪಾಯಿ ದಂಡ. ಹಾಗಿದ್ದೂ ಏಳು ಸೀಟಿನ ಗಾಡಿಯಲ್ಲಿ ಒಂಬತ್ತು ಜನರನ್ನು ತುಂಬಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ನಮಗೆ ತಪ್ಪೆಂದೇ ಅನ್ನಿಸುವುದಿಲ್ಲ. ಹೊಸ ಗಾಡಿಯ ಜೊತೆಗೆ ಈ ರೂಢಿಯನ್ನೂ ಬಿಡಬೇಕು.

ಎಸ್‌ಯುವಿ ಎಂದಮೇಲೆ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂಬ ಭರವಸೆಯೂ ಪೂರ್ತಿ ನಿಜವಲ್ಲ. 1998ರ ಸಫಾರಿ ಚಾಸಿಯ ಮೇಲೆ ಕಟ್ಟಿದ ಗಟ್ಟಿ ಗಾಡಿ, ಅದರಲ್ಲಿ ನಾಲ್ಕೂ ಚಕ್ರ ಎಳೆಯುವ ಮಾದರಿಯೂ ಇತ್ತು. 2021ರಲ್ಲಿ ಮರಳಿ ಬಂದ ಸಫಾರಿಯಲ್ಲಿ ಎಳೆಯುವುದು ಮುಂದಿನ ಎರಡು ಚಕ್ರ ಮಾತ್ರ, ಹೈಕ್ರಾಸ್‌ನಂತೆಯೇ. ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಯಲ್ಲಿ ಮಳೆಗಾಲದ ಕೆಸರಿನ ಏರು ಹತ್ತಬೇಕಾದವರಿಗೆ ನಾಲ್ಕು ಚಕ್ರದ ಎಳೆತ ನಿಜಕ್ಕೂ ಬೇಕು. ಅವರು ಸ್ಕಾರ್ಪಿಯೊ-ಎನ್, ಫಾರ್ಚೂನರ್‌ಗಳಲ್ಲಿ ಆ ಸೌಲಭ್ಯವಿರುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. ಬೆಂಗಳೂರು ಮೈಸೂರು ನಡುವೆ ಓಡಾಡುವವರಿಗೆ ಅದರ ಅಗತ್ಯವಿಲ್ಲ.

ದುಡ್ಡಿನ ವಿಚಾರದಲ್ಲಿ ತೆರಿಗೆ ಯಾರ ಪರವೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ದಾಟಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ, ಅದು ವ್ಯಾನ್ ಆಗಲಿ ಎಸ್‌ಯುವಿ ಆಗಲಿ, ಜಿಎಸ್‌ಟಿ ಶೇ 40. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನದರಲ್ಲಿ ಒಂದು: 10ರಿಂದ 20 ಲಕ್ಷದವರೆಗಿನ ಕಾರಿಗೆ ಶೇ 17, ಅದಕ್ಕೂ ಮೇಲಿನದಕ್ಕೆ ಶೇ 18, ಜೊತೆಗೆ ಸೆಸ್. ಸನ್‌ರೂಫಿನ ಆಸೆಗೆ ಒಂದು ಮಾದರಿ ಮೇಲೆ ಹೋದರೆ ಆ ಹೆಚ್ಚಿನ ಬೆಲೆಗೂ ತೆರಿಗೆ ಸೇರುತ್ತದೆ. ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಮಕ್ಕಳ ಸೀಟು ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇನೆ. ಮನೆಯಲ್ಲಿ ನಾಲ್ಕೈದು ಜನ ಇದ್ದು, ಹಬ್ಬಕ್ಕೋ ನೆಂಟರು ಬಂದಾಗಲೋ ಮಾತ್ರ ಮೂರನೇ ಸಾಲು ಎತ್ತುವವರಾದರೆ ಎಸ್‌ಯುವಿ ತೆಗೆದುಕೊಳ್ಳಿ, ಸುಖವಾಗಿ ಓಡಾಡುತ್ತೀರಿ. ಆರೇಳು ಜನ ಪದೇಪದೇ ಒಟ್ಟಿಗೆ ಹೊರಡುವ ಮನೆಯಾದರೆ, ವಯಸ್ಸಾದವರೂ ಎಳೆಮಕ್ಕಳೂ ಇಬ್ಬರೂ ಇದ್ದರೆ, ವ್ಯಾನ್ ಬಿಟ್ಟು ಮತ್ತೊಂದು ವ್ಯಾನನ್ನೇ ತನ್ನಿ. ನೋಡುವವರು ಟ್ಯಾಕ್ಸಿ ಎಂದರೆ ಅನ್ನಲಿ.

ಟೆಸ್ಟ್ ಡ್ರೈವಿಗೆ ಮಾತ್ರ ಗಂಡ ಹೆಂಡತಿ ಇಬ್ಬರೇ ಹೋಗಬೇಡಿ. ಅಪ್ಪ ಅಮ್ಮನನ್ನು, ಮಕ್ಕಳನ್ನು, ಮಗುವಿನ ಸೀಟನ್ನು, ಎರಡು ಸೂಟ್‌ಕೇಸನ್ನು ಜೊತೆಗೆ ಒಯ್ಯಿರಿ. ಗಾಡಿಯನ್ನು ಅರ್ಧ ಗಂಟೆ ಬೇರೆಯವರು ಓಡಿಸಲಿ, ಸಾಲದ ಕಂತು ಕಟ್ಟುವವರು ಮೂರನೇ ಸಾಲಿನಲ್ಲಿ ಕೂರಲಿ. ಅಲ್ಲಿಂದ ಇಳಿದ ಮೇಲೆ ಬುಕಿಂಗ್ ದುಡ್ಡು ಕೊಡಿ.