ಹಿತ್ತಿಲಿನ ಮೂಕಸೇವಕ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಹಿತ್ತಿಲುಗಳಲ್ಲಿ ಉದುರಿದ ಎಲೆಯನ್ನು ಗುಡಿಸಿ ಸುಡುವ ರೂಢಿಯು ಇನ್ನೂ ಉಂಟು. ಇದು ಮಣ್ಣಿನ ಅನ್ನವನ್ನು ಬೂದಿಮಾಡುವ ಕಾರ್ಯವೆಂದು ನನ್ನ ಅಭಿಪ್ರಾಯವು. ಎರೆಹುಳುವು ಮಣ್ಣಿಗೆ ಮಾಡುವ ಉಪಕಾರವನ್ನು ಕುರಿತೇ ಡಾರ್ವಿನ್ ಪಂಡಿತರು 1881ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಆದರೆ ಹುಳುಗಳನ್ನು ಕ್ರಯಕ್ಕೆ ತಂದು ತೋಟದಲ್ಲಿ ಚೆಲ್ಲಿದರೆ ಸಾಕೆಂಬುದು ಭ್ರಮೆ. ಗೊಬ್ಬರಕ್ಕಾಗಿ ಸಾಕುವ ಐಸೀನಿಯಾ, ಯೂಡ್ರಿಲಸ್ ಜಾತಿಗಳು ಕೊಳೆತ ಎಲೆಸಗಣಿಗಳಲ್ಲಿ ಬಾಳುವವೇ ಹೊರತು, ಬೇಸಗೆಯಲ್ಲಿ ಬಿರಿಯುವ ನಮ್ಮ ಎರೆಭೂಮಿಯಲ್ಲಿ ಬಾಳಲಾರವು. ಆದಕಾರಣ ಮರದ ನೆರಳಿನಲ್ಲಿ, ನೀರು ನಿಲ್ಲದ ಸ್ಥಳದಲ್ಲಿ ಮಡಿಯನ್ನು ಮಾಡಿ, ಅರೆಕೊಳೆತ ಎಲೆಯನ್ನೂ ಕಾವಿಳಿದ ಸಗಣಿಯನ್ನೂ ತುಂಬಿ, ಒದ್ದೆ ಗೋಣಿಯನ್ನು ಹೊದಿಸಬೇಕು. ಮೊದಲ ಸಲ ಹಸಿ ಸಗಣಿಯನ್ನು ಹಾಕಿ, ಅದರ ಕಾವಿನಿಂದ ಹುಳುಗಳನ್ನೆಲ್ಲ ಕೊಂದವಳು ನಾನೇ. ಎರಡು ಮೂರು ತಿಂಗಳಲ್ಲಿ ಚಹಾಪುಡಿಯಂಥ ಗೊಬ್ಬರವು ದೊರೆಯುವುದು. ಅದನ್ನು ಪಾತಿಗೆ ಹಾಕಿ ಮೇಲೆ ಎಲೆ ಹೊದಿಸಿ ತೇವವನ್ನು ಕಾದರೆ, ನೆಲದೊಳಗಿನ ನಾಡಹುಳುಗಳು ತಾವಾಗಿಯೇ ಹೆಚ್ಚುವವು.

ಓದಿದ ಹುಡುಗಿಯ ಕೈಗೆ ಸಗಣಿಯು ತಕ್ಕದ್ದಲ್ಲವೆನ್ನುವ ತಂದೆತಾಯಿಗಳು ಆಲೋಚಿಸಲಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಮಣ್ಣಿನಲ್ಲಿಯೇ ಬೆಳೆಯಿತಷ್ಟೆ! ಸಹೋದರಿಯರೇ, ಅಂಥ ಮಣ್ಣನ್ನು ಸಾಕುವುದೂ ವಿದ್ಯೆಯೇ ಎಂದು ತಿಳಿದು, ಈ ವರ್ಷ ಒಂದು ಬುಟ್ಟಿ ಎಲೆಯನ್ನಾದರೂ ಬೆಂಕಿಯಿಂದ ಉಳಿಸಿರಿ.