ಕೆರೆಯ ಅಳತೆ, ಒಡ್ಡಿನ ಎತ್ತರ



ಆಯುಷ್ಯದ ಬಹುಭಾಗವನ್ನು ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸುವದರಲ್ಲಿ ಕಳೆದ ಶಾಲಾಮಾಸ್ತರನೊಬ್ಬನು ಅರುವತ್ತನೆಯ ವಯಸ್ಸಿನಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕುಳಿತರೆ ನೆರೆಹೊರೆಯವರು ನಗುವದು ಸಹಜವೇ ಸರಿ. ನಮ್ಮ ಮನೆಯಲ್ಲಿಯೂ ನಕ್ಕರು. ಆದರೆ ಕಳೆದ ಫೆಬ್ರುವರಿಯ ಒಂದು ರಾತ್ರಿ ಆ ನಗು ನಿಂತುಹೋಯಿತು. ಅಂದಿನ ಸಂಗತಿಯನ್ನೂ ಅದರಿಂದ ನಾನು ಕಲಿತ ಪಾಠವನ್ನೂ ಈ ತಿಂಗಳು ನಿವೇದಿಸುವೆನು. ಮನೆಯಲ್ಲಿಯೇ ಆಂಪ್ಲಿಫಾಯರ್ ಕಟ್ಟಬೇಕೆಂಬ ಹವ್ಯಾಸವುಳ್ಳ ಮಕ್ಕಳಿದ್ದವರಿಗೆ ಇದು ಉಪಯೋಗವಾದೀತು.

ನಮ್ಮ ವಾಸ ರೋಣದಲ್ಲಿ. ಭೀಮಸೇನ ಜೋಶಿಯವರು ೧೯೨೨ನೆಯ ಇಸವಿಯ ಫೆಬ್ರುವರಿ ೪ರಂದು ಜನಿಸಿದ್ದು ಇದೇ ಊರಿನಲ್ಲಿ. ಅವರ ತಂದೆಯವರೂ ಶಿಕ್ಷಕರಾಗಿದ್ದವರು. ಬಾಲಕ ಭೀಮಸೇನನು ಗ್ರಾಮಫೋನಿನಲ್ಲಿ ಅಬ್ದುಲ್ ಕರೀಮ್ ಖಾನರ ಗಾನವನ್ನು ಕೇಳಿ ಮರುಳಾದದ್ದನ್ನೂ, ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನರಸುತ್ತ ಮನೆ ಬಿಟ್ಟದ್ದನ್ನೂ, ಕಡೆಗೆ ಸವಾಯಿ ಗಂಧರ್ವರಲ್ಲಿ ವಿದ್ಯೆ ಪಡೆದದ್ದನ್ನೂ ಅರಿಯದವರಾರು? ಆ ಕಾಲದ ಗ್ರಾಮಫೋನು ಬಹುತೇಕ ಕೀಲಿಯಿಂದಲೇ ತಿರುಗುತ್ತಿತ್ತು. ಅದಕ್ಕೆ ವಿದ್ಯುತ್ತೂ ಬೇಡ, ವಿದ್ಯುತ್ತಿನ ಗುಂಯ್ಗುಡುವಿಕೆಯೂ ಇಲ್ಲ. ಭೀಮಸೇನರು ೨೦೧೧ರಲ್ಲಿ ತೀರಿಕೊಂಡರು. ಇಂದು ಅವರ ಕಂಠವು ನಮಗೆ ದೊರೆಯುವದು ಧ್ವನಿಮುದ್ರಿಕೆಗಳಲ್ಲಿ ಮಾತ್ರ. ಅದನ್ನು ತಂಬೂರಿಯ ನಾದ ಕೆಡದಂತೆ ಕೇಳಬೇಕು, ಮೊಮ್ಮಗನಿಗೂ ಕೇಳಿಸಬೇಕು ಎಂಬ ಆಶೆಯಿಂದ ನಾನು ಆಂಪ್ಲಿಫಾಯರ್ ಕಟ್ಟಲು ತೊಡಗಿದೆನು.

ಚಿಪ್ಪು, ಟ್ರಾನ್ಸ್‌ಫಾರ್ಮರ್, ಡಯೋಡುಗಳೆಲ್ಲ ಕೂಡಿಬಂದವು. ಉಳಿದದ್ದು ವಿದ್ಯುತ್ ಪೂರೈಕೆಯ ಎರಡು ಕೆಪ್ಯಾಸಿಟರುಗಳು. ಅಂಗಡಿಯಲ್ಲಿ ಅಂಗೈಯಗಲದ ಡಬ್ಬಿಗಳೆರಡು ಕಣ್ಣಿಗೆ ಬಿದ್ದವು. ಮೇಲೆ ‘೧೦,೦೦೦ ಮೈಕ್ರೋಫ್ಯಾರಡ್, ೨೫ ವೋಲ್ಟು’ ಎಂದು ಮುದ್ರಿತವಾಗಿತ್ತು. ನಾನು ಹತ್ತು ಸಾವಿರವನ್ನು ನೋಡಿ ಹಿಗ್ಗಿದೆನು. ಇಪ್ಪತ್ತೈದನ್ನು ನೋಡಲೇ ಇಲ್ಲ. ನನ್ನ ಟ್ರಾನ್ಸ್‌ಫಾರ್ಮರ್ ೧೮-೦-೧೮ ವೋಲ್ಟಿನದು. ಹದಿನೆಂಟಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ ಎಂದು ಸಮಾಧಾನಪಟ್ಟುಕೊಂಡೆನು.

ನಾಲ್ಕು ದಿನ ಪೆಟ್ಟಿಗೆಯು ಹಾಡಿತು. ಐದನೆಯ ದಿನ ರಾತ್ರಿ ಹತ್ತು ಗಂಟೆಯ ಮೇಲೆ, ಊರಿನ ದೀಪಗಳೂ ಹೊಲದ ಪಂಪುಗಳೂ ಬಂದಾಗಿ ವೋಲ್ಟೇಜು ಏರಿದ ಹೊತ್ತಿನಲ್ಲಿ, ಪಟಾಕಿ ಹೊಡೆದಂತೆ ಸದ್ದಾಗಿ ಒಂದು ಡಬ್ಬಿಯ ನೆತ್ತಿ ಒಡೆಯಿತು. ಬಿಸಿಯಾದ ಹಬೆ, ಸುಟ್ಟ ವಾಸನೆ, ಚೂರುಚೂರಾದ ಕಾಗದ. ಮೊಮ್ಮಗನು ಎರಡು ಮೊಳ ದೂರದಲ್ಲಿ ಕುಳಿತು ಹಾಡು ಕೇಳುತ್ತಿದ್ದನು. ಪೆಟ್ಟಿಗೆಗೆ ನಾನಿನ್ನೂ ಮುಚ್ಚಳ ಹಾಕಿರಲಿಲ್ಲ. ದೇವರ ದಯೆ, ಹುಡುಗನು ಆಗಲೇ ನೀರು ಕುಡಿಯಲೆಂದು ಮುಖ ತಿರುಗಿಸಿದ್ದನು. ನಮ್ಮ ಮನೆಯವರು ಓಡಿಬಂದು ಅವನನ್ನು ಎತ್ತಿಕೊಂಡು, “ಹಾಡು ಕೇಳಾಕ ಹೋಗಿ ಹುಡುಗನ ಕಣ್ಣು ಕಳೀಬ್ಯಾಡ್ರಿ” ಎಂದಷ್ಟೇ ಹೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಯಿಸಿದೆನು. ಸಂಸ್ಕೃತದಲ್ಲಿ ಅವನು ಎಂದೂ ಮೂವತ್ತೈದರ ಮೇಲೆ ಗುಣ ಪಡೆದವನಲ್ಲ. ಈಗ ಪೇಟೆಯಲ್ಲಿ ರೇಡಿಯೋ, ಮಿಕ್ಸರುಗಳ ದುರಸ್ತಿಯಲ್ಲಿ ಹೆಸರು ಗಳಿಸಿದ್ದಾನೆ. ಒಡೆದ ಡಬ್ಬಿಯನ್ನು ತಿರುಗಿಸಿ ನೋಡಿ, “ಮಾಸ್ತರ್ರ, ಕೆರಿ ದೊಡ್ಡದು ತೋಡೀರಿ ಖರೆ, ಒಡ್ಡು ಗಿಡ್ಡ ಆಗೇತ್ರಿ” ಎಂದನು. ಅಂದು ಅವನು ಗುರು, ನಾನು ಶಿಷ್ಯ. ಅವನು ತಿಳಿಸಿದ್ದನ್ನೇ ನನ್ನ ಮಾತಿನಲ್ಲಿ ಹೇಳುವೆನು.

ಪಠ್ಯಪುಸ್ತಕಗಳಲ್ಲಿ ಕೆಪ್ಯಾಸಿಟರಿಗೆ ‘ಧಾರಕ’ ಎಂಬ ಹೆಸರುಂಟು. ‘ಧೃ’ ಧಾತುವಿನಿಂದ ಬಂದ ಶಬ್ದ, ಹಿಡಿದಿಡುವಂಥದು ಎಂದರ್ಥ. ಮನೆಗೆ ಬರುವ ವಿದ್ಯುತ್ತು ಕ್ಷಣಕ್ಕೆ ೫೦ ಸಲ ಹಿಂದುಮುಂದಾಗಿ ಹರಿಯುವದು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಕ್ಷಣಕ್ಕೆ ೧೦೦ ಅಲೆಗಳಾಗುವವು. ಅಲೆ ಅಲೆಗಳ ನಡುವೆ ಬರಿದು. ಆ ಬರಿದು ಕಾಲದಲ್ಲಿ ಆಂಪ್ಲಿಫಾಯರನ್ನು ಸಲಹುವದೇ ಧಾರಕದ ಕೆಲಸ. ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರಕ್ಕೆ ಹೋದವರು ಅಲ್ಲಿಯ ಅಂತರಗಂಗೆಯನ್ನು ಕಂಡಿರಬಹುದು. ಮಳೆಯು ವರ್ಷದಲ್ಲಿ ಕೆಲವೇ ದಿನ. ಆದರೆ ಗುಡ್ಡವು ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿಯೂ ಹನಿಸುತ್ತಿರುವದು. ನರಗುಂದದ ಕಡೆಗೆ ರೈತನು ಕೃಷಿಹೊಂಡ ತೋಡುವದೂ ಇದೇ ಕಾರಣಕ್ಕಾಗಿ. ಹೊಂಡವು ಸಾಲದಿದ್ದರೆ ನಡುವೆ ಬರ ಬೀಳುವದು. ಆಂಪ್ಲಿಫಾಯರಿನಲ್ಲಿ ಆ ಬರವು ಗುಂಯ್ ಎಂಬ ಸದ್ದಾಗಿ, ಶ್ರುತಿಗೂಡದ ಮತ್ತೊಂದು ತಂಬೂರಿಯಂತೆ ಹಾಡಿನ ತುಂಬ ಕೇಳಿಸುವದು. ಗಾಯಕನು ತಾರಸಪ್ತಕಕ್ಕೆ ಏರಿದಾಗ ಸ್ವರವು ಒಡಕಾಗುವದು.

ಆದುದರಿಂದ ಧಾರಕವನ್ನು ಕೊಳ್ಳುವಾಗ ಮೂರು ಅಂಕೆಗಳನ್ನು ನೋಡತಕ್ಕದ್ದು. ಅವುಗಳ ಕ್ರಮವನ್ನೂ ಮರೆಯಬಾರದು.

ಮೊದಲನೆಯದು ವೋಲ್ಟು, ಅಂದರೆ ಒಡ್ಡಿನ ಎತ್ತರ. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ೧೮ ಎಂಬದು ಅಲೆಯ ಶಿಖರವಲ್ಲ. ಶಿಖರವು ಅದರ ೧.೪೧೪ ಪಟ್ಟು, ಎಂದರೆ ೨೫.೪ ವೋಲ್ಟು. ಕೆಪ್ಯಾಸಿಟರು ತುಂಬುವದು ಶಿಖರದ ಮಟ್ಟಕ್ಕೆ. ಮೇಲಾಗಿ, ಹೊರೆ ಕಡಿಮೆಯಿದ್ದಾಗ ಟ್ರಾನ್ಸ್‌ಫಾರ್ಮರು ತನ್ನ ಅಂಕೆಗಿಂತ ಹತ್ತರಲ್ಲೊಂದು ಪಾಲು ಹೆಚ್ಚು ಕೊಡುವದುಂಟು. ಮನೆಯ ೨೩೦ ವೋಲ್ಟು ರಾತ್ರಿ ೨೫೩ಕ್ಕೆ ಏರಿದರೆ ಮತ್ತೊಂದು ಹತ್ತರ ಪಾಲು. ಡಯೋಡು ತಿನ್ನುವ ಸುಮಾರು ಒಂದು ವೋಲ್ಟನ್ನು ಕಳೆದರೂ ಮೊತ್ತವು ೩೦ರ ಸಮೀಪಕ್ಕೆ ಬರುವದು. ೨೫ ವೋಲ್ಟಿನ ಡಬ್ಬಿಯು ನಾಲ್ಕು ದಿನ ತಾಳಿದ್ದೇ ಹೆಚ್ಚು! ಇಂಥಲ್ಲಿ ೩೫ ವೋಲ್ಟಿನದು ಅಂಚಿನಲ್ಲಿ ನಿಲ್ಲುವದು. ೫೦ ವೋಲ್ಟಿನದು ನಿಶ್ಚಿಂತೆ. ೧೨-೦-೧೨ರ ಟ್ರಾನ್ಸ್‌ಫಾರ್ಮರಿಗಾದರೆ ಇದೇ ಲೆಕ್ಕದಿಂದ ೨೦ ವೋಲ್ಟಾಗುವದು. ಅಲ್ಲಿ ೨೫ ನಡೆಯುವದು, ೩೫ ಉತ್ತಮ. ಒಡ್ಡು ಎತ್ತರವಾದದ್ದರಿಂದ ಕೆಡುಕಿಲ್ಲ. ಬೆಲೆಯೂ ಗಾತ್ರವೂ ತುಸು ಹೆಚ್ಚು, ಅಷ್ಟೇ.

ಎರಡನೆಯದು ಮೈಕ್ರೋಫ್ಯಾರಡ್, ಅಂದರೆ ಕೆರೆಯ ಅಳತೆ. ಇದಕ್ಕೊಂದು ಸುಲಭ ಸೂತ್ರವಿದೆ. ಆಂಪಿಯರನ್ನು ೧೦,೦೦೦ದಿಂದ ಗುಣಿಸಿ ಮೈಕ್ರೋಫ್ಯಾರಡಿನಿಂದ ಭಾಗಿಸಿದರೆ, ಅಲೆಗಳ ನಡುವೆ ಮಟ್ಟವು ಎಷ್ಟು ವೋಲ್ಟು ಇಳಿಯುವದೆಂದು ತಿಳಿಯುವದು. ೧.೫ ಆಂಪಿಯರ್ ಎಳೆಯುವಾಗ ೧,೦೦೦ ಮೈಕ್ರೋಫ್ಯಾರಡ್ ಇದ್ದರೆ ಇಳಿತವು ೧೫ ವೋಲ್ಟು, ಇದು ಬರವೇ. ೪,೭೦೦ಕ್ಕೆ ಸುಮಾರು ೩.೨, ೧೦,೦೦೦ಕ್ಕೆ ೧.೫; ೨೦,೦೦೦ಕ್ಕೆ ಮುಕ್ಕಾಲು. ನಿಜವಾದ ಇಳಿತವು ಇದಕ್ಕಿಂತ ಸ್ವಲ್ಪ ಕಡಿಮೆ. ಗಮನಿಸಿರಿ: ಒಂದು ಸಾವಿರದಿಂದ ಐದು ಸಾವಿರಕ್ಕೆ ಹೋದಾಗ ದೊರೆತ ಲಾಭವು ದೊಡ್ಡದು, ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಹಣವು ಇಮ್ಮಡಿ, ಲಾಭವು ಮುಕ್ಕಾಲು ವೋಲ್ಟು. ಇಂದಿನ ಆಂಪ್ಲಿಫಾಯರ್ ಚಿಪ್ಪುಗಳು ಇಂಥ ಸಣ್ಣ ಏರಿಳಿತವನ್ನು ಬಹುಮಟ್ಟಿಗೆ ತಾವೇ ತಡೆಯುವವು. ಅತಿ ದೊಡ್ಡ ಕೆರೆಯಿಂದ ಹಾನಿಯೂ ಉಂಟು. ಸ್ವಿಚ್ಚು ಹಾಕಿದೊಡನೆ ಬರಿದಾದ ಕೆರೆಯು ಒಮ್ಮೆಲೇ ತುಂಬಹೋಗಿ ಡಯೋಡು, ಫ್ಯೂಜುಗಳ ಮೇಲೆ ಭಾರ ಬೀಳುವದು. ಇನ್ನು ಸಂಜೆಯ ಹೊತ್ತು ಊರಿಗೆ ಬರುವ ವೋಲ್ಟೇಜೇ ಕುಸಿದರೆ ಧಾರಕವು ಏನೂ ಮಾಡಲಾರದು. ಮಳೆಯೇ ಬಾರದ ವರ್ಷ ಕೆರೆ ದೊಡ್ಡದಾದರೇನು ಎಂಬದನ್ನು ರೋಣದವರಿಗೆ ಹೇಳಿಕೊಡಬೇಕೇ?

ಮೂರನೆಯದು ಉಷ್ಣ. ಡಬ್ಬಿಯ ಮೇಲೆ ೮೫ ಅಥವಾ ೧೦೫ ಡಿಗ್ರಿ ಎಂದು ಬರೆದಿರುವದು. ಒಳಗಿನ ದ್ರವವು ಕಾವಿಗೆ ಆರುತ್ತ ಹೋಗುವದರಿಂದ ಇದು ಧಾರಕದ ಆಯುಷ್ಯದ ಅಂಕೆ. ಬರೆದ ಉಷ್ಣದಲ್ಲಿ ೨,೦೦೦ ತಾಸು ಬಾಳುವ ಧಾರಕವು ಪ್ರತಿ ಹತ್ತು ಡಿಗ್ರಿ ಇಳಿದಂತೆ ಇಮ್ಮಡಿ ಬಾಳುವದೆಂಬದು ಸ್ಥೂಲ ನಿಯಮ. ಪೆಟ್ಟಿಗೆಯ ಒಳಗೆ ೬೫ ಡಿಗ್ರಿ ಇದ್ದರೆ ೮೫ರದು ೮,೦೦೦ ತಾಸು, ೧೦೫ರದು ೩೨,೦೦೦ ತಾಸು. ದಿನಕ್ಕೆ ಮೂರು ತಾಸಿನಂತೆ ಮೊದಲನೆಯದು ಏಳು ವರ್ಷ, ಎರಡನೆಯದು ಲೆಕ್ಕಕ್ಕೆ ಇಪ್ಪತ್ತೊಂಬತ್ತು ವರ್ಷ. ಆದರೂ ಬಲ್ಲವರು ಹದಿನೈದರ ಮೇಲೆ ನಂಬುವದಿಲ್ಲ. ನಮ್ಮ ಸೀಮೆಯ ಬಿಸಿಲಿಗೆ ೧೦೫ರದೇ ಯೋಗ್ಯ. ಅದನ್ನೂ ಹೀಟ್‌ಸಿಂಕಿನಿಂದ ದೂರವಿರಿಸಬೇಕು. ಒಂದು ದೊಡ್ಡ ಡಬ್ಬಿಯ ಬದಲಾಗಿ ಎರಡು ಚಿಕ್ಕವನ್ನು ಜೊತೆಯಾಗಿ ಜೋಡಿಸಿದರೆ ತುಂಬುವ ಪ್ರವಾಹವನ್ನೂ ಕಾವನ್ನೂ ಅವು ಹಂಚಿಕೊಳ್ಳುವವು.

ಈ ಪ್ರಕಾರ ನಾವು ಧನ ಬದಿಗೆ ಎರಡು, ಋಣ ಬದಿಗೆ ಎರಡು, ಹೀಗೆ ೪,೭೦೦ ಮೈಕ್ರೋಫ್ಯಾರಡ್, ೫೦ ವೋಲ್ಟು, ೧೦೫ ಡಿಗ್ರಿಯ ನಾಲ್ಕು ಧಾರಕಗಳನ್ನು ಕೂಡ್ರಿಸಿದೆವು. ಶಿಷ್ಯನು ಒಂದೊಂದನ್ನೂ ಮೀಟರಿಗೆ ಹಚ್ಚಿ ಅಳೆದನು. ದೊಡ್ಡ ಡಬ್ಬಿಯೊಳಗೆ ಸಣ್ಣ ಕೆಪ್ಯಾಸಿಟರನ್ನು ಅಡಗಿಸಿ ಮಾರುವವರೂ ಇರುವರಂತೆ. ಬರೆದದ್ದಕ್ಕಿಂತ ನೂರಕ್ಕೆ ಇಪ್ಪತ್ತು ಹೆಚ್ಚುಕಡಿಮೆ ಬಂದರೆ ಅದು ದೋಷವಲ್ಲ. ಡಬ್ಬಿಯ ಮೇಲಿನ ಪಟ್ಟೆಯು ಋಣದ ಗುರುತು. ಋಣ ಬದಿಯ ಧಾರಕದಲ್ಲಿ ಧನದ ಕಾಲು ನಡುವಣ ಗ್ರೌಂಡಿಗೆ ಬರುವದೆಂಬದನ್ನು ಮರೆತು ತಿರುವುಮುರುವು ಹಚ್ಚಿದರೆ ಅದೂ ಒಡೆಯುವದು. ಫ್ಯಾನಿನ ಕಂಡೆನ್ಸರನ್ನು ಇಲ್ಲಿ ಬಳಸಲಾಗದು. ಅದರ ಅಳತೆ ಕೆಲವೇ ಮೈಕ್ರೋಫ್ಯಾರಡ್, ಅದರ ಕೆಲಸವೂ ಬೇರೆ.

ಇಷ್ಟಾದರೂ ಸಣ್ಣಗೆ ಗುಂಯ್ಗುಡುವದು ಉಳಿಯಿತು. ಇನ್ನೆರಡು ಡಬ್ಬಿ ತರಲೇ ಎಂದೆನು. ಶಿಷ್ಯನು ನಕ್ಕು, ಹಾಡು ಒಳಬರುವ ತಂತಿಯ ಗ್ರೌಂಡನ್ನು ಡಯೋಡುಗಳ ಹತ್ತಿರದಿಂದ ಬಿಚ್ಚಿ, ಧಾರಕಗಳಾಚೆಯ ಶಾಂತವಾದ ಬಿಂದುವಿಗೆ ಹಚ್ಚಿದನು. ಸದ್ದು ಅಡಗಿತು. ತುಂಬುವ ಪ್ರವಾಹ ಓಡಾಡುವ ದಾರಿಯಲ್ಲಿ ಹಾಡಿನ ತಂತಿ ಕಟ್ಟಿದ್ದು ನನ್ನ ತಪ್ಪಾಗಿತ್ತು. ಅದನ್ನು ಎಷ್ಟು ಮೈಕ್ರೋಫ್ಯಾರಡಿನಿಂದಲೂ ತೊಳೆಯಲಾಗುತ್ತಿರಲಿಲ್ಲ.

ಕಡೆಯದಾಗಿ ಮನೆಮಂದಿಗೆ ಒಂದು ಮಾತು. ಪ್ಲಗ್ಗು ಕಿತ್ತ ಮೇಲೆಯೂ ಧಾರಕವು ತುಂಬಿಯೇ ಇರುವದು. ಪ್ರತಿ ಬದಿಗೆ ೨,೨೦೦ ಓಮ್, ಒಂದು ವ್ಯಾಟಿನ ರೆಸಿಸ್ಟರನ್ನು ಅಡ್ಡಲಾಗಿ ಹಚ್ಚಿದರೆ ನಮ್ಮ ಅಳತೆಯ ಕೆರೆಯು ಎರಡು ಮಿನಿಟಿನಲ್ಲಿ ಬರಿದಾಗುವದು. ಆದರೂ ಮೀಟರಿನಿಂದ ನೋಡಿಯೇ ಕೈ ಹಾಕಬೇಕು. ಸ್ಕ್ರೂಡ್ರೈವರಿನಿಂದ ಕಾಲುಗಳನ್ನು ಕೂಡಿಸಿ ಕಿಡಿ ಹಾರಿಸುವದು ಕೂಡದು. ಹಳೆಯ ವಾಲ್ವ್ ರೇಡಿಯೋಗಳಲ್ಲಿ ನೂರಾರು ವೋಲ್ಟು ನಿಂತಿರುವವು. ಅವು ಪ್ರಾಣಕ್ಕೇ ಅಪಾಯ. ಮುಚ್ಚಳವಿಲ್ಲದ ಪೆಟ್ಟಿಗೆಗೆ ವಿದ್ಯುತ್ತು ಕೊಡಬಾರದು, ಅದರ ಮುಂದೆ ಮಕ್ಕಳನ್ನು ಕೂಡ್ರಿಸಲೂ ಬಾರದು. ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಇದೇ.

ಈಗ ಪೆಟ್ಟಿಗೆಗೆ ತಗಡಿನ ಮುಚ್ಚಳವಿದೆ. ಸಂಜೆ ತಂಬೂರಿಯ ಖರ್ಜದ ತಂತಿಯು ಒಂಟಿಯಾಗಿ, ಶುದ್ಧವಾಗಿ ಕೇಳಿಸುವದು. ಅದರ ಮೇಲೆ ಭೀಮಸೇನರ ಷಡ್ಜ. ಮೊಮ್ಮಗನು ದೂರದ ಚಾಪೆಯ ಮೇಲೆ ಕುಳಿತು ಕೇಳುವನು. ನಮ್ಮ ಮನೆಯವರು ಮೊದಲೊಂದು ವಾರ ಅಡಿಗೆಮನೆಯ ಬಾಗಿಲಲ್ಲೇ ನಿಂತು ಕೇಳಿದರು. ಈಗ ಒಳಗೆ ಬಂದು ಕೂಡ್ರುತ್ತಾರೆ.