ಮಂಗನ ಕಾಯಿಲೆಗೆ ವಿಭಾಗಗಳ ಬೇಲಿ ಇಲ್ಲ

ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಧಾರವಾಡದ ಕಡೆಗೆ ಹೊರಟರೆ ಮೊದಲು ವಿದ್ಯಾನಗರದ ವೈದ್ಯಕೀಯ ಮಹಾವಿದ್ಯಾಲಯ ಸಿಗುತ್ತದೆ. ಧಾರವಾಡಕ್ಕೆ ಬಂದರೆ ಕೃಷಿ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯವೂ ಅಲ್ಲೇ. ವೈದ್ಯಶಾಸ್ತ್ರ, ಕೃಷಿ, ಸಮಾಜವಿಜ್ಞಾನ, ಗಣಿತ ಎಲ್ಲವೂ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಜನರಿಗೂ ಈ ರಸ್ತೆ ಹೊಸದಲ್ಲ. ಕಾಯಿಲೆ ಉಲ್ಬಣಿಸಿದಾಗ ಹುಬ್ಬಳ್ಳಿಗೆ, ಮಕ್ಕಳ ಪದವಿಗೆ ಧಾರವಾಡಕ್ಕೆ, ಬೀಜ-ಬೆಳೆಯ ಸಲಹೆಗೆ ಕೃಷಿ ವಿಶ್ವವಿದ್ಯಾಲಯಕ್ಕೆ ಅವರು ಬರುತ್ತಲೇ ಇದ್ದಾರೆ. ಆದರೆ ಈ ಮೂರು ಅಂಗಳಗಳ ವಿದ್ಯೆ ಒಟ್ಟಾಗಿ ಘಟ್ಟದ ಹಳ್ಳಿಗೆ ಹೋಗುವುದು ಯಾವಾಗ? ಮಂಗನ ಕಾಯಿಲೆಯಷ್ಟು ಗಟ್ಟಿಯಾಗಿ ಈ ಪ್ರಶ್ನೆಯನ್ನು ಕೇಳುವ ಬೇರೊಂದು ವಿಷಯ ಮಲೆನಾಡಿನಲ್ಲಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಿತು. ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಎಂದೇ ಉಳಿದಿರುವ ಹುಬ್ಬಳ್ಳಿಯ ವೈದ್ಯಕೀಯ ಸಂಸ್ಥೆ ಆರಂಭವಾದದ್ದು 1957ರಲ್ಲಿ. ಧಾರವಾಡದ ಕೃಷಿ ಮಹಾವಿದ್ಯಾಲಯ 1947ರದ್ದು. ಅದು ವಿಶ್ವವಿದ್ಯಾಲಯವಾಗಿ ಬೆಳೆದದ್ದು 1986ರಲ್ಲಿ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಶಿಕ್ಷಣ ಆರಂಭವಾದ ಅದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವಿಷಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಕಾರಣವಾದ ವಿಷಾಣುವನ್ನು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಮಲೆನಾಡಿನ ಒಂದು ಕಾಡಿನ ಹೆಸರು ರೋಗದ ಹೆಸರಾಗಿ ದಾಖಲಾಯಿತು. ಅಂದಿನಿಂದ ಆರು ದಶಕಗಳಿಗೂ ಹೆಚ್ಚು ಕಾಲ ಕಳೆದಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನ ಸರದಿ ಬಂದಿತು. ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ರೋಗ ತನ್ನ ಹೆಜ್ಜೆ ಚಾಚಿದೆ.

ಜ್ವರ ಯಾವ ವಿಭಾಗದ್ದು?

ಕಾಯಿಲೆಯ ದಾರಿಯನ್ನು ಒಮ್ಮೆ ಗಮನಿಸಬೇಕು. ವಿಷಾಣುವನ್ನು ಹೊತ್ತು ತಿರುಗುವುದು ಕಾಡಿನ ಉಣ್ಣೆ, ಅಂದರೆ ಮಲೆನಾಡಿಗರು ಉಣುಗು ಎನ್ನುವ ಜೀವಿ. ಅದರ ಮರಿ ಹಂತದ ಹುಳು ಸಾಸಿವೆ ಕಾಳಿನಷ್ಟೇ ಚಿಕ್ಕದು. ಕಚ್ಚಿದ್ದು ಬಹಳ ಸಲ ತಿಳಿಯುವುದೇ ಇಲ್ಲ. ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿ ವಿಷಾಣು ಉಳಿದುಕೊಂಡಿರುತ್ತದೆ. ಮಂಗಗಳಿಗೆ ತಗುಲಿದಾಗ ಹೆಚ್ಚುತ್ತದೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ಹೊಸ ಆಸರೆ ಹುಡುಕುತ್ತವೆ. ದನಕರುಗಳು ವಿಷಾಣುವನ್ನು ಹರಡುವುದರಲ್ಲಿ ಮುಖ್ಯವಲ್ಲ; ಆದರೆ ಬೆಳೆದ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ. ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡುವುದಿಲ್ಲ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮರಿ ಉಣುಗುಗಳ ಕಾಲ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹೊತ್ತು ತರುವ ಕಾಲವೂ ಅದೇ. ಸೌದೆಗೆ, ಕಿರು ಅರಣ್ಯ ಉತ್ಪನ್ನಕ್ಕೆ ಕಾಡು ಹೊಗುವುದೂ ಆಗಲೇ. ಹೀಗಿರುವಾಗ ದರಕು ಗುಡಿಸಿ ಬಂದ ಹೆಣ್ಣುಮಗಳ ಜ್ವರ ಯಾವ ವಿಭಾಗಕ್ಕೆ ಸೇರಿದ್ದು?

ವೈದ್ಯನಿಗೆ ಅದು ರಕ್ತದ ಮಾದರಿ. ಕೃಷಿ ವಿಜ್ಞಾನಿಗೆ ಅದು ಕೊಟ್ಟಿಗೆ ಗೊಬ್ಬರದ ಪ್ರಶ್ನೆ. ದರಕಿಗೆ ಬದಲಾಗಿ ಹಾಸಿಗೆಗೆ ಏನನ್ನು ಬಳಸಬಹುದು, ಯಾವ ತಿಂಗಳಲ್ಲಿ ಗುಡಿಸಿದರೆ ಅಪಾಯ ಕಡಿಮೆ, ಮಲೆನಾಡು ಗಿಡ್ಡದ ಮೈಮೇಲಿನ ಉಣುಗನ್ನು ಹೇಗೆ ನಿಯಂತ್ರಿಸಬೇಕು ಎಂಬುದನ್ನು ಹೇಳಬೇಕಾದವನು ಅವನು. ಬೆಟ್ಟಕ್ಕೆ ಹೋಗುವವರು ತೋಟದ ಒಡೆಯರೋ ಕೂಲಿಯವರೋ, ಜ್ವರ ಬಂದಾಗ ದಿನಗೂಲಿ ಬಿಟ್ಟು ಆಸ್ಪತ್ರೆಗೆ ಹೋಗಲು ಯಾರಿಗೆ ಸಾಧ್ಯ, ಮಂಗ ಸತ್ತದ್ದನ್ನು ತಿಳಿಸಲು ಜನ ಏಕೆ ಹಿಂಜರಿಯುತ್ತಾರೆ ಎಂಬುದು ಸಮಾಜವಿಜ್ಞಾನಿಯ ಕೆಲಸ. ಒಂದು ಹಳ್ಳಿಯಲ್ಲಿ ಮೂರು ವರ್ಷ ಪ್ರಕರಣವೇ ಇಲ್ಲವೆಂದರೆ ಅಲ್ಲಿ ರೋಗವಿಲ್ಲವೋ, ರಕ್ತ ತೆಗೆದು ಪರೀಕ್ಷಿಸಿದವರಿಲ್ಲವೋ ಎಂಬುದನ್ನು ಬೇರ್ಪಡಿಸಿ ಹೇಳಲು ಗಣಿತ ಮತ್ತು ಸಂಖ್ಯಾಶಾಸ್ತ್ರ ಬೇಕು. ಒಬ್ಬರ ಉತ್ತರ ಇಲ್ಲದೆ ಮತ್ತೊಬ್ಬರ ಉತ್ತರ ಪೂರ್ಣವಾಗದು.

ಎರಡು ಪಾಠಗಳು

ಒಂದೇ ಕಣ್ಣಿನಿಂದ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಳ್ತಂಗಡಿ ಸಾಕ್ಷಿ. 1982ರಲ್ಲಿ ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಪ್ರದೇಶದಲ್ಲಿ ಮಂಗನ ಕಾಯಿಲೆ ಉಲ್ಬಣಿಸಿತು. ಗೇರಿನ ಲೆಕ್ಕದಲ್ಲಿ ಅದು ನೆಲದ ಸದುಪಯೋಗ. ಆ ಲೆಕ್ಕದಲ್ಲಿ ಉಣುಗಿಗೆ, ಮಂಗಕ್ಕೆ, ಕಾಡು ಕಡಿಯಲು ಹೋದ ಕೂಲಿಯವರಿಗೆ ಜಾಗವಿರಲಿಲ್ಲ.

ಎರಡನೆಯದು ಲಸಿಕೆಯ ಕತೆ. 2005ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎರಡು ಸಲ ಚುಚ್ಚುಮದ್ದು ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ 62.4, ಅದರ ಮೇಲೆ ಒಂದು ವರ್ಧಕ ಡೋಸ್ ಪಡೆದವರಲ್ಲಿ ಶೇ 82.9. ಅಂಕಿ ಸ್ಪಷ್ಟವಾಗಿದೆ. ಆದರೆ ನೋವಿನ ಚುಚ್ಚುಮದ್ದನ್ನು ಮತ್ತೆ ಮತ್ತೆ, ವರ್ಷ ವರ್ಷ ತೆಗೆದುಕೊಳ್ಳಲು ಜನ ಮುಂದೆ ಬರಲಿಲ್ಲ. ಲಸಿಕೆ ಹಾಕಿಸಿಕೊಂಡವರ ಪ್ರಮಾಣ ಕಡಿಮೆಯೇ ಉಳಿಯಿತು. ಕೊನೆಗೆ ಅದರ ಸಾಮರ್ಥ್ಯದ ಬಗೆಗೇ ಪ್ರಶ್ನೆಗಳೆದ್ದು 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ಹೊಸ ಲಸಿಕೆಯ ಅಭಿವೃದ್ಧಿ ನಡೆದಿದೆ. ಹೊಸದು ಬಂದಾಗಲೂ ಜನರ ಮನಸ್ಸನ್ನು ಅರಿಯುವ ಕೆಲಸ ಜೊತೆಗೆ ನಡೆಯದಿದ್ದರೆ ಹಳೆಯ ಕತೆಯೇ ಮರುಕಳಿಸೀತು.

ಒಟ್ಟಾಗಿ ಕುಳಿತಾಗ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಬೆಂಗಳೂರಿನ ಪರಿಸರ, ಸಾರ್ವಜನಿಕ ಆರೋಗ್ಯ ಮತ್ತು ಪಶುರೋಗ ಸಂಶೋಧನಾ ಸಂಸ್ಥೆಗಳು ಬ್ರಿಟನ್ನಿನ ಪರಿಸರ ವಿಜ್ಞಾನಿಗಳೊಡನೆ ಸೇರಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕಾಡು, ನೆಡುತೋಪು, ದನಗಳ ಸಂಖ್ಯೆ, ರೋಗಿಗಳ ದಾಖಲೆ ಎಲ್ಲವನ್ನೂ ಒಂದೇ ಗಣಿತದ ಮಾದರಿಯಲ್ಲಿ ಜೋಡಿಸಿದಾಗ ಒಂದು ಚಿತ್ರ ಮೂಡಿತು. ನಿತ್ಯಹರಿದ್ವರ್ಣ ಕಾಡು ಮತ್ತು ನೆಡುತೋಪುಗಳು ಒಂದರೊಳಗೊಂದು ಬೆರೆತಿರುವ, ನಾಡತಳಿಯ ದನಗಳು ಹೆಚ್ಚಾಗಿರುವ ಕಡೆ ಅಪಾಯ ಹೆಚ್ಚು. ಅದು ಮಲೆನಾಡಿನ ಸಾಮಾನ್ಯ ಹಳ್ಳಿಯದೇ ಚಿತ್ರ. ಇದರರ್ಥ ದನ ಸಾಕುವುದು ತಪ್ಪು, ತೋಟ ಮಾಡುವುದು ತಪ್ಪು ಎಂದಲ್ಲ. ಮುನ್ನೆಚ್ಚರಿಕೆ ಮೊದಲು ಎಲ್ಲಿಗೆ ತಲುಪಬೇಕು ಎಂಬುದಕ್ಕೆ ಒಂದು ನಕ್ಷೆ ಸಿಕ್ಕಿತು ಎಂದಷ್ಟೇ.

ಆಗಬೇಕಾದದ್ದು

ಪರಿಣತಿ ಬೇಕಾದರೆ ವಿಭಾಗಗಳು ಬೇಕು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಎಲ್ಲವನ್ನೂ ಅಷ್ಟಿಷ್ಟು ಬಲ್ಲವನು ವಿಷಾಣುವನ್ನು ಗುರುತಿಸಲಾರ. ಜಂಟಿ ಸಂಶೋಧನೆ ಎಂದರೆ ಒಂದು ವಿಚಾರ ಸಂಕಿರಣ, ಒಂದು ಊಟ, ಒಂದು ವರದಿ ಎಂಬ ಗೇಲಿಯೂ ಪೂರ್ತಿ ಸುಳ್ಳಲ್ಲ. ಅದಕ್ಕೆಂದೇ ಕೂಡುವ ಜಾಗ ಸಭಾಂಗಣವಾಗಬಾರದು, ಹಳ್ಳಿಯಾಗಬೇಕು. ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲೇ ಇದೆ. ಬಹುಶಿಸ್ತೀಯ ಎಂಬ ಮಾತನ್ನು ಹೆಸರಿನಲ್ಲೇ ಹೊತ್ತ ಅಭಿವೃದ್ಧಿ ಸಂಶೋಧನಾ ಕೇಂದ್ರ ಧಾರವಾಡದಲ್ಲಿದೆ. ಅವಳಿ ನಗರದ ಮೂರು ಸಂಸ್ಥೆಗಳು ಒಂದು ತಾಲ್ಲೂಕನ್ನು ಆರಿಸಿಕೊಂಡು, ಹತ್ತು ವರ್ಷ ಬಿಡದೆ ಅದೇ ಹಳ್ಳಿಗಳಿಗೆ ಹೋಗಿ ಬರುವುದಾದರೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಅದಕ್ಕೆ ಮೊದಲ ಅಗತ್ಯವಲ್ಲ.

ಎರಡನೆಯ ಬೇಡಿಕೆ ಭಾಷೆಯದು. ರಕ್ತ ಕೊಟ್ಟವರು, ಮನೆಬಾಗಿಲಲ್ಲಿ ಪ್ರಶ್ನೆಗಳಿಗೆ ಉತ್ತರಿಸಿದವರು, ಉಣುಗು ಹಿಡಿಯಲು ಕಾಡುದಾರಿ ತೋರಿಸಿದವರು ಹಳ್ಳಿಯವರು. ಫಲಿತಾಂಶ ಮಾತ್ರ ಇಂಗ್ಲಿಷ್ ಪತ್ರಿಕೆಯಲ್ಲಿ ಉಳಿದುಬಿಡುತ್ತದೆ. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವವರೆಗೆ ಯಾವ ಸಂಶೋಧನೆಯೂ ಮುಗಿಯಿತೆಂದು ಭಾವಿಸಬಾರದು. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳು ಈ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯರು. ದರಕು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳ್ಳಿಯವರ ಪಾಲಿನ ಕೆಲಸವೂ ಇದೆ. ಎಲ್ಲಿ, ಯಾವ ದಿನ ಮಂಗ ಸತ್ತಿತು, ಯಾರು ಯಾವ ಬೆಟ್ಟಕ್ಕೆ ಹೋಗಿದ್ದರು, ಯಾವಾಗ ಜ್ವರ ಬಂತು ಎಂಬುದನ್ನು ಪಂಚಾಯಿತಿಯ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ವೈದ್ಯನಿಗೂ ಗಣಿತಜ್ಞನಿಗೂ ಬೇಕಾದ ಮೊದಲ ದಾಖಲೆ ಅದೇ. ಕಾಡಿಗೆ ಹೊರಡುವ ಮುನ್ನ ಮೈಗೆ ಉಣುಗು ನಿವಾರಕ ತೈಲ, ಮೈತುಂಬ ಬಟ್ಟೆ, ಬಂದೊಡನೆ ಬಿಸಿನೀರಿನ ಸ್ನಾನ ಎಂಬ ಹಳೆಯ ಸೂಚನೆಗಳು ಇಂದಿಗೂ ಬದಲಾಗಿಲ್ಲ.

ಮುಂದಿನ ಚಳಿಗಾಲದಲ್ಲೂ ದರಕು ಉದುರುತ್ತದೆ, ಉಣುಗು ಏಳುತ್ತದೆ, ಬುಟ್ಟಿ ಹೊತ್ತ ಹೆಂಗಸರು ಬೆಟ್ಟ ಹತ್ತುತ್ತಾರೆ. ಅದಕ್ಕೆ ಮೊದಲು ಹುಬ್ಬಳ್ಳಿ-ಧಾರವಾಡದ ರಸ್ತೆಯಿಂದ ಒಂದು ಜೀಪು ನಾಲ್ಕು ವಿಭಾಗದವರನ್ನು ಒಟ್ಟಿಗೆ ಕೂರಿಸಿಕೊಂಡು ಘಟ್ಟದ ಕಡೆಗೆ ಹೊರಟರೆ, ಅದು ಆ ಮೂರು ಅಂಗಳಗಳಿಗೂ ಗೌರವ ತರುವ ಪ್ರಯಾಣವಾದೀತು.